ಪಾದ್ರಿಯ ಕೆನ್ನೆಯ ಮಚ್ಚೆ

ನಮ್ಮ ಅತ್ತೆಗೆ ಎಪ್ಪತ್ತು ದಾಟಿದ ಮೇಲೆ ಒಬ್ಬ ಗಂಡಸಿನ ಹುಚ್ಚು ಹಿಡಿಯಿತು!

ಗಾಬರಿಯಾಗಬೇಡಿ, ಮನೆತನದ ಮಾನ ಹೋಗುವಂಥದ್ದೇನೂ ನಡೆದಿಲ್ಲ. ಆ ಗಂಡಸು ತೀರಿಕೊಂಡು ಇನ್ನೂರು ವರ್ಷಕ್ಕೂ ಮೇಲಾಗಿದೆ. ಆತ ಬದುಕಿದ್ದಾಗ ಅಮೆರಿಕ ಎಂಬ ದೇಶ ಇನ್ನೂ ಅಂಬೆಗಾಲಿಡುತ್ತಿತ್ತು. ಮೇಲಾಗಿ ಆತ ಪಾದ್ರಿ, ಹೆಂಡತಿ ಮಕ್ಕಳಿದ್ದ ಮರ್ಯಾದಸ್ಥ. ಪೂರ್ವ ಕರಾವಳಿಯ ಯಾವುದೋ ಸಣ್ಣ ಊರಿನ ಚರ್ಚಿನಲ್ಲಿ ಭಾನುವಾರ ಭಾನುವಾರ ಜನ ತೂಕಡಿಸುವಷ್ಟು ಹೊತ್ತು ಉಪದೇಶ ಮಾಡಿದವನು. ಇಷ್ಟೆಲ್ಲ ಗೊತ್ತಿದ್ದೂ ಅತ್ತೆ ಅವನ ಮಾತೆತ್ತಿದರೆ ಸಾಕು, ಮುಖ ಕೆಂಪಾಗುತ್ತದೆ, ಕನ್ನಡಕ ಮೂಗಿನ ತುದಿಗೆ ಜಾರುತ್ತದೆ, ಒಲೆಯ ಮೇಲಿನ ಸಾರು ಉಕ್ಕಿ ಹೋಗುತ್ತದೆ. ಇದಕ್ಕೆ ಹುಚ್ಚು ಅನ್ನದೆ ಇನ್ನೇನು ಅನ್ನಬೇಕು, ನೀವೇ ಹೇಳಿ!

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ, ನಮ್ಮಪ್ಪನ ಅಕ್ಕ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಮಾವನ ಜತೆ ಶಿಕಾಗೋಗೆ ಬಂದು, ಹಾಫ್‌ಮನ್ ಎಸ್ಟೇಟ್ಸಿನಲ್ಲಿ ಮನೆ ಮಾಡಿದವರು. ರಿಟೈರ್ ಆಗುವವರೆಗೂ ಪೆಥಾಲಜಿಸ್ಟ್ ಆಗಿದ್ದರು. ಅಂದರೆ ರೋಗಿಗಳನ್ನು ನೋಡುವ ಡಾಕ್ಟರಲ್ಲ. ರೋಗಿಯ ಮೈಯಿಂದ ಕತ್ತರಿಸಿದ ಒಂದು ಚೂರು ಗಾಜಿನ ಪಟ್ಟಿಯ ಮೇಲೆ ಇವರ ಬಳಿಗೆ ಬರುತ್ತಿತ್ತು. ಇವರು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ‘ಏನಿಲ್ಲ’ ಎಂದೋ ‘ಇದೆ’ ಎಂದೋ ತೀರ್ಪು ಕೊಡುತ್ತಿದ್ದರು. ಅದರಲ್ಲೂ ಚರ್ಮದ ಮಚ್ಚೆಗಳೆಂದರೆ ಅತ್ತೆಯದೇ ಕೊನೆಯ ಮಾತು. ಮಾವ ತೀರಿಕೊಂಡ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು. ಪಾದ್ರಿ ಬರುವವರೆಗೆ!

ಪಾದ್ರಿ ಬರಲು ನಾನೇ ಕಾರಣ. ನಮಗೊಂದು ಊಟದ ಮೇಜು ಬೇಕಾಗಿತ್ತು. ಡೌನರ್ಸ್ ಗ್ರೋವಿನಲ್ಲಿ ಒಂದು ಎಸ್ಟೇಟ್ ಸೇಲ್ ಇದೆ ಎಂದು ಗೊತ್ತಾಯಿತು. ಇಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಮಕ್ಕಳು ಬಂದು, ಬಾಗಿಲು ತೆರೆದಿಟ್ಟು, ಚಮಚದಿಂದ ಸೋಫಾದವರೆಗೆ ಎಲ್ಲಕ್ಕೂ ಬೆಲೆಯ ಚೀಟಿ ಅಂಟಿಸಿ ಮಾರಿಬಿಡುತ್ತಾರೆ. ಜತೆಗಿರಲಿ ಎಂದು ಅತ್ತೆಯನ್ನೂ ಕರೆದುಕೊಂಡು ಹೋದೆ. ನಾನು ಮೇಜಿನ ಕಾಲು ಅಲ್ಲಾಡಿಸಿ ನೋಡುತ್ತಿದ್ದಾಗ ಕೆಳಗಿನ ಬೇಸ್ಮೆಂಟಿನಿಂದ ಕೂಗು ಕೇಳಿತು.

“ಪುಟ್ಟೀ! ಬೇಗ ಬಾರೇ ಇಲ್ಲಿ! ಈ ಮಚ್ಚೆ ನಂಗೆ ಸರಿ ಕಾಣ್ತಿಲ್ಲ!”

ಯಾರಿಗೋ ಏನೋ ಆಗಿದೆ ಎಂದು ಓಡಿದೆ. ಬೇಸ್ಮೆಂಟಿನಲ್ಲಿ ಅತ್ತೆಯನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವರ ಕೈಯಲ್ಲಿ ಒಂದು ಹಳೆಯ ಫ್ರೇಮು, ಅದರೊಳಗೆ ಕಪ್ಪು ನಿಲುವಂಗಿ ತೊಟ್ಟು ಕೊರಳಿಗೆ ಎರಡು ಬಿಳಿ ಪಟ್ಟಿ ಕಟ್ಟಿಕೊಂಡ ನಡುವಯಸ್ಸಿನ ಪಾದ್ರಿ. ಫೋಟೋ ಅಲ್ಲ, ಆಗ ಫೋಟೋ ಎಲ್ಲಿತ್ತು? ತಾಮ್ರದ ತಗಡಿನ ಮೇಲೆ ಮೊನಚು ಉಳಿಯಿಂದ ಗೀರಿ, ಗೀರುಗಳಿಗೆ ಮಸಿ ತುಂಬಿ, ಕಾಗದದ ಮೇಲೆ ಒತ್ತಿ ತೆಗೆದ ಚಿತ್ರ. ಕೆನ್ನೆಯ ಮೇಲೆ ಕಡಲೆಬೇಳೆಯಷ್ಟು ಕಪ್ಪು ಮಚ್ಚೆ.

“ಅತ್ತೆ, ಇದು ಚಿತ್ರ.”

“ಚಿತ್ರ ಆದ್ರೇನು? ಅಂಚು ನೋಡು, ಎಷ್ಟು ಅಂಕುಡೊಂಕಾಗಿದೆ! ಇವ್ರು ಯಾವ ಡಾಕ್ಟರಿಗಾದ್ರೂ ತೋರ್ಸಿದ್ರೋ ಇಲ್ವೋ!”

“ಈಗ ತೋರ್ಸಿ ಏನ್ ಮಾಡ್ಬೇಕು?”

ಅತ್ತೆ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ದುಡ್ಡು ತೆಗೆದುಕೊಳ್ಳುತ್ತಿದ್ದ ಹೆಂಗಸು ಫ್ರೇಮು ಕಂಡು, “ಡು ಯು ನೋ ಹಿಮ್?” ಎಂದು ಕೇಳಿದಳು. “ನಾಟ್ ಯೆಟ್” ಎಂದರು ಅತ್ತೆ! ನಾನು ಮೇಜಿಲ್ಲದೆ ವುಡ್‌ರಿಡ್ಜಿನ ನಮ್ಮ ಮನೆಗೆ ವಾಪಸಾದೆ. ಪಾದ್ರಿ ಸೀಟ್ ಬೆಲ್ಟ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ.

ಅಂದಿನಿಂದ ಅತ್ತೆಗೆ ಒಂದೇ ಪ್ರಶ್ನೆ. ಮಚ್ಚೆಗಳಲ್ಲಿ ಎರಡು ಜಾತಿ. ಸಾಧು ಮಚ್ಚೆ ಇದ್ದಲ್ಲಿ ಇದ್ದಷ್ಟೇ ಇರುತ್ತದೆ. ಘಾತುಕ ಮಚ್ಚೆ ಸದ್ದಿಲ್ಲದೆ ಬೆಳೆದು ಒಂದು ದಿನ ಮನುಷ್ಯನನ್ನೇ ನುಂಗುತ್ತದೆ. ಪಾದ್ರಿಯದು ಯಾವುದು? ಪಾಪ, ಅದರಿಂದಲೇ ಹೋದನೇ? ತಿಳಿಯಬೇಕಾದರೆ ಒಂದೇ ದಾರಿ. ಬೇರೆ ಬೇರೆ ವಯಸ್ಸಿನಲ್ಲಿ ಕೆತ್ತಿದ ಚಿತ್ರಗಳನ್ನು ಹುಡುಕಿ, ಮಚ್ಚೆ ಬೆಳೆದಿದೆಯೇ ಎಂದು ಅಳೆಯಬೇಕು. “ಫಾಲೋ ಅಪ್ ಇಲ್ದೆ ಪೇಷಂಟನ್ನ ಬಿಡೋಕಾಗುತ್ತೇನೇ?” ಎಂದರು ಅತ್ತೆ. ಇನ್ನೂರು ವರ್ಷದ ಹಿಂದೆಯೇ ಬಿಟ್ಟು ಹೋದ ಪೇಷಂಟು!

ಶುರುವಾಯಿತು ನೋಡಿ ಬೇಟೆ! ಆನ್‌ಲೈನ್ ಹರಾಜು, ಹಳೆ ಪುಸ್ತಕದಂಗಡಿ, ಯಾವ್ಯಾವುದೋ ಊರಿನ ಲೈಬ್ರರಿಗೆ ಫೋನು. ವಾರಕ್ಕೊಂದು ಪಾರ್ಸೆಲ್. ಗಣಪತಿ ಫೋಟೋ, ಮಾವ ತೆಗೆದ ನಯಾಗರ ಫೋಟೋ ಎಲ್ಲ ಮಲಗುವ ಕೋಣೆಗೆ ಹೋದವು. ಹಾಲಿನ ಗೋಡೆಯ ತುಂಬ ಪಾದ್ರಿಯೋ ಪಾದ್ರಿ! ಒಂದು ಚಿತ್ರ ಇನ್ನೊಂದರ ಹಾಗಿಲ್ಲ. ಒಬ್ಬ ಕೆತ್ತನೆಗಾರ ಎರಡು ಗಲ್ಲ ಕೊಟ್ಟಿದ್ದ, ಇನ್ನೊಬ್ಬ ಮೂಗು ಉದ್ದ ಮಾಡಿದ್ದ, ಮತ್ತೊಬ್ಬನಿಗೆ ಪಾದ್ರಿಯನ್ನು ಕಂಡರೇ ಆಗುತ್ತಿರಲಿಲ್ಲವೇನೋ. ಅತ್ತೆ ಒಂದೊಂದನ್ನೂ ತಮ್ಮ ಹಳೆಯ ಮೈಕ್ರೋಸ್ಕೋಪಿನ ಕೆಳಗೆ ತುರುಕಿ, ಮಚ್ಚೆಯ ಗೀರುಗಳನ್ನು ಪರೀಕ್ಷೆ ಮಾಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಮನೆಯಿಂದಲೇ ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿದ್ದೆ. ಅತ್ತೆಯ ಫೋನು. ಎತ್ತಲಿಲ್ಲ. ಮತ್ತೆ ಬಂತು, ಮತ್ತೆ ಬಂತು. ಏನಾಯಿತೋ ಎಂದು ಎತ್ತಿದೆ.

“ಪುಟ್ಟೀ, ಮಚ್ಚೆ ಬಲಗಡೆಗೆ ಹೋಗಿದೆ!”

“ಏನು?”

“ಹೊಸಾ ಚಿತ್ರ ಬಂತು. ಅದ್ರಲ್ಲಿ ಮಚ್ಚೆ ಎಡಗೆನ್ನೇಲಿಲ್ಲ, ಬಲಗೆನ್ನೇಲಿದೆ! ನನ್ನ ಸರ್ವೀಸಲ್ಲೇ ಇಂಥ ಕೇಸ್ ನೋಡಿಲ್ಲ ಕಣೇ!”

ನನ್ನ ಮೈಕು ಮ್ಯೂಟ್ ಆಗಿರಲಿಲ್ಲ. ಸಾಯಂಕಾಲ ನಮ್ಮ ಮ್ಯಾನೇಜರು, ನನ್ನ ಮನೆಯಲ್ಲಿ ಎಲ್ಲ ಕ್ಷೇಮ ತಾನೇ ಎಂದು ಬಹಳ ಮೆತ್ತಗೆ ವಿಚಾರಿಸಿದರು.

ಒಗಟು ಬಿಡಿಸಿದವರೂ ಅತ್ತೆಯೇ. ಮೂರು ದಿನ ಸರಿಯಾಗಿ ಊಟ ಮಾಡದೆ ಯೋಚಿಸಿ, ಕೊನೆಗೆ ಮೇಜಿನ ಡ್ರಾಯರಿನಿಂದ ಆಸ್ಪತ್ರೆ ಕಾಲದ ತಮ್ಮ ರಬ್ಬರ್ ಸ್ಟಾಂಪು ತೆಗೆದು ನನ್ನ ಕೈಗಿಟ್ಟರು. ಸ್ಟಾಂಪಿನ ಮೇಲೆ ಹೆಸರು ತಿರುಗುಮುರುಗಾಗಿತ್ತು, ಒತ್ತಿದರೆ ಸರಿಯಾಗಿ ಬಂತು. ತಾಮ್ರದ ತಗಡೂ ಹೀಗೆಯೇ! ಮೊದಲ ಕೆತ್ತನೆಗಾರ ಎದುರಿಗೆ ಕಂಡದ್ದನ್ನು ಕಂಡ ಹಾಗೆ ಕೆತ್ತಿದ, ಒತ್ತಿದಾಗ ಕೆನ್ನೆ ಅದಲುಬದಲಾಯಿತು. ಎರಡನೆಯವನು ಆ ಅಚ್ಚನ್ನು ನೋಡಿ ಕೆತ್ತಿದ, ಒತ್ತಿದಾಗ ಮಚ್ಚೆ ಸ್ವಸ್ಥಾನಕ್ಕೆ ಮರಳಿತು. ಇದು ತಿಳಿದ ದಿನ ಅತ್ತೆ ಹೆಸರುಬೇಳೆ ಪಾಯಸ ಮಾಡಿ ನಮ್ಮನ್ನೆಲ್ಲ ಕರೆದರು. ನನ್ನ ಮಗಳು ಪಾಯಸ ತಿನ್ನುತ್ತಾ, “ವಾಟ್ ಆರ್ ವಿ ಸೆಲೆಬ್ರೇಟಿಂಗ್?” ಎಂದಳು. “ಬಲಗೆನ್ನೆ” ಎಂದೆ.

ಚಿತ್ರಗಳ ಹಿಂದೆಯೇ ಪಾದ್ರಿಯ ಕಾಗದಗಳೂ ಬಂದವು. ಆತ ಊರಿಗೆಲ್ಲ ಬರೆದ ಪತ್ರಗಳನ್ನು ಯಾರೋ ಪುಣ್ಯಾತ್ಮರು ಎರಡು ದಪ್ಪ ಸಂಪುಟ ಮಾಡಿ ಅಚ್ಚು ಹಾಕಿಸಿದ್ದರು. ಮಚ್ಚೆಯ ಸುದ್ದಿ ಸಿಗಬಹುದೆಂದು ಅತ್ತೆ ದಿನಕ್ಕೊಂದು ಕಾಗದ ಓದತೊಡಗಿದರು. ಓದಿ ಸುಮ್ಮನಿರುತ್ತಾರೆಯೇ? ಅದರ ಸಮಾಚಾರವನ್ನು ಬೆಳಗಿನ ವಾರ್ತೆಯ ಹಾಗೆ ಊರಿಗೆಲ್ಲ ಬಿತ್ತರಿಸುತ್ತಿದ್ದರು.

“ಪಾಪ, ರಾತ್ರಿಯೆಲ್ಲ ಹಲ್ಲುನೋವಂತೆ ಕಣೇ ಅವ್ರಿಗೆ.”

“ಯಾರಿಗೆ ಅತ್ತೆ?”

“ಇನ್ಯಾರಿಗೆ?”

ನಮಗೇನೋ ಅಭ್ಯಾಸವಾಗಿತ್ತು. ಆದರೆ ಕನ್ನಡದವರ ಯುಗಾದಿ ಊಟದಲ್ಲಿ ಅತ್ತೆ, “ಯಾಕೋ ಮನಸ್ಸಿಗೆ ಸಮಾಧಾನ ಇಲ್ಲ. ನಮ್ಮವರು ಕುದುರೆಯಿಂದ ಬಿದ್ದು ಮೊಣಕಾಲು ಊದಿದೆ” ಎಂದುಬಿಟ್ಟರು. ಹೋಳಿಗೆ ಬಡಿಸುತ್ತಿದ್ದವರ ಕೈ ಹಾಗೇ ನಿಂತಿತು. ಹೋಳಿಗೆ ಮುಗಿಯುವುದರೊಳಗೆ ಸುದ್ದಿ ಮೂರು ಬಡಾವಣೆ ದಾಟಿತ್ತು. ಡಾಕ್ಟರ್ ಆಂಟಿಗೆ ಯಾರೋ ಸಿಕ್ಕಿದ್ದಾರಂತೆ! ಕುದುರೆ ಇಟ್ಟಿದ್ದಾರಂತೆ! ಹಾಗಾದರೆ ಬ್ಯಾರಿಂಗ್ಟನ್ ಕಡೆಯ ದೊಡ್ಡ ಕುಳವೇ ಇರಬೇಕು! ಒಬ್ಬರು ನನ್ನನ್ನು ಪಾರ್ಕಿಂಗ್ ಲಾಟಿನಲ್ಲಿ ಹಿಡಿದು ನಿಲ್ಲಿಸಿ, “ಒಳ್ಳೇದಾಯ್ತು ಬಿಡಮ್ಮ, ಈ ವಯಸ್ಸಲ್ಲಿ ಒಂದು ಜತೆ ಬೇಕು. ಅಂಕಲ್ ಏನು ಮಾಡ್ಕೊಂಡಿದಾರೆ?” ಎಂದರು.

“ಪಾದ್ರಿ” ಎಂದೆ, ಬಾಯಿ ತಪ್ಪಿ.

ಅಷ್ಟೇ ಸಾಕಾಯಿತು. ಮರುವಾರಕ್ಕೆ ಅತ್ತೆ ಮತಾಂತರವಾಗಿಬಿಟ್ಟಿದ್ದಾರೆ ಎಂಬ ಸುದ್ದಿ! ಅವರಿಗೆ ಬುದ್ಧಿ ಹೇಳಲೆಂದು ಇಬ್ಬರು ಹಿರಿಯರು ನಮ್ಮ ಪುರೋಹಿತರನ್ನು ಕಾರಿನಲ್ಲಿ ಕೂರಿಸಿಕೊಂಡು ಹಾಫ್‌ಮನ್ ಎಸ್ಟೇಟ್ಸಿಗೆ ಹೊರಟರು. ನಾನೂ ಹೆದರಿಕೊಂಡು ಹಿಂದೆಯೇ ಹೋದೆ. ಪುರೋಹಿತರು ಗೋಡೆಯ ತುಂಬ ಪಾದ್ರಿಯನ್ನು ಕಂಡು ಕೆಮ್ಮಿದರು, ಸೋಫಾದ ತುದಿಯಲ್ಲಿ ಕೂತರು. ಅತ್ತೆ ಕಾಫಿ ಕೊಟ್ಟು, ಅವರಿಗೆ ಮಾತಾಡಲು ಬಿಡದೆ, ಅಂದಿನ ಕಾಗದವನ್ನು ಕನ್ನಡ ಮಾಡಿ ಹೇಳತೊಡಗಿದರು. ಚಳಿಗೆ ಪಾದ್ರಿಯ ದೌತಿಯಲ್ಲಿ ಮಸಿ ಹೆಪ್ಪುಗಟ್ಟಿದೆಯಂತೆ. ಜನ ಚರ್ಚಿಗೆ ನಾಯಿ ಕರೆದುಕೊಂಡು ಬರುತ್ತಾರಂತೆ. ಉಪದೇಶ ಮುಗಿಯುವ ಹೊತ್ತಿಗೆ ಸರಿಯಾಗಿ ಬಂದು, ಮೊದಲಿನಿಂದ ಇದ್ದವರ ಹಾಗೆ ಮುಖ ಮಾಡಿಕೊಂಡು ಕೂರುತ್ತಾರಂತೆ.

ಪುರೋಹಿತರು ಕಾಫಿ ಲೋಟ ಕೆಳಗಿಟ್ಟರು.

“ಅವ್ರಿಗೂ ಹಾಗೇನಾ?” ಎಂದರು ಮೆಲ್ಲಗೆ. “ನಮ್ಮಲ್ಲೂ ಅಷ್ಟೇ ಡಾಕ್ಟ್ರೇ! ಸಂಕಲ್ಪದ ಹೊತ್ತಿಗೆ ನಾನು, ದೇವ್ರು ಇಬ್ರೇ. ಪ್ರಸಾದದ ಹೊತ್ತಿಗೆ ನೋಡಿ, ಪಾರ್ಕಿಂಗೇ ಇಲ್ಲ! ಆಮೇಲೆ ಏನಾಯ್ತಂತೆ? ಓದಿ, ಓದಿ.”

ಬುದ್ಧಿ ಹೇಳಲು ಬಂದವರು ಮೂರು ಕಾಗದ ಕೇಳಿ, ಎರಡನೆಯ ಸಲ ಕಾಫಿ ಕುಡಿದು ಹೋದರು. ಹೋಗುವಾಗ ಪುರೋಹಿತರು ದೊಡ್ಡ ಚಿತ್ರದ ಮುಂದೆ ನಿಂತು, “ಕಷ್ಟ ಕಂಡ ಮನುಷ್ಯ” ಎಂದು ನಿಟ್ಟುಸಿರು ಬಿಟ್ಟರು.

ಇನ್ನು ನನ್ನಮ್ಮನ ಕಥೆ. ಅಮ್ಮ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ನಾಲ್ಕು ದಿನ ಅತ್ತಿಗೆಯ ಮನೆಯಲ್ಲಿ ಇದ್ದು ಬರುತ್ತೇನೆ ಎಂದು ಹೋದರು. ಹಾಲಿನ ಗೋಡೆ ನೋಡಿದರು. ಕಪ್ಪು ಗೌನು, ಕೊರಳಲ್ಲಿ ಬಿಳಿ ಪಟ್ಟಿ. ನಮ್ಮಮ್ಮನಿಗೆ ಇದರಲ್ಲಿ ಸಂಶಯವೇ ಬರಲಿಲ್ಲ. ಮಾವನ ಮನೆತನದ ಯಾರೋ ಹಿರಿಯರು, ಹೈಕೋರ್ಟಿನ ವಕೀಲರು! ಬಣ್ಣ ಬಿಳಿಚಿಕೊಂಡಿರುವುದು ಚಿತ್ರ ಹಳೆಯದಾದ್ದರಿಂದ. ಕೇಳಿದರೆ ಅತ್ತಿಗೆ ಬೇಸರಪಟ್ಟುಕೊಂಡಾರು ಎಂದು ಕೇಳಲೂ ಇಲ್ಲ. ಬೆಳಿಗ್ಗೆ ಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿದವರು, ಹಾಗೇ ಬಂದು ಸಾಲಾಗಿ ಎಲ್ಲ ವಕೀಲರ ಹಣೆಗೂ ಗಂಧ ಇಟ್ಟರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆನ್ನೆಯ ಮೇಲಿನ ಕಪ್ಪು ಚುಕ್ಕೆ ಕಣ್ಣಿಗೆ ಬಿತ್ತು.

ಅತ್ತೆ ಎದ್ದು ಹಾಲಿಗೆ ಬಂದು, ಕನ್ನಡಕ ಹಾಕಿಕೊಂಡು, ಗೋಡೆಯ ಕಡೆ ನೋಡಿ ಕಿಟಾರನೆ ಕಿರುಚಿದರು. “ಗ್ರೋತ್! ರಾತ್ರೋರಾತ್ರಿ ಮೂರು ಪಟ್ಟು ಗ್ರೋತ್!” ಪಾದ್ರಿಯ ಮಚ್ಚೆ ಕಡಲೆಬೇಳೆ ಇದ್ದದ್ದು ಗೋಲಿಯಷ್ಟಾಗಿತ್ತು!

ಅಮ್ಮ ಅಡುಗೆಮನೆಯಿಂದ ಬಂದು ಸಮಾಧಾನ ಮಾಡಿದರು. “ಅದು ನಾನು ಇಟ್ಟಿದ್ದು ಅತ್ತಿಗೆ. ದೃಷ್ಟಿಬೊಟ್ಟು ಮಾಸಿಹೋಗಿತ್ತು, ಕಾಡಿಗೆ ತಗೊಂಡು ದಪ್ಪ ಮಾಡ್ದೆ. ಎಷ್ಟು ಲಕ್ಷಣವಾಗಿದಾರೆ ವಕೀಲ್ರು! ಬಂದವರ ಕಣ್ಣು ಬೀಳ್ದೆ ಇರುತ್ತಾ?”

ಸದ್ಯ, ಕಾಡಿಗೆ ಗಾಜಿನ ಮೇಲಿತ್ತು. ಅತ್ತೆ ಅದನ್ನು ಒರೆಸುತ್ತಾ ನಗಲಾರಂಭಿಸಿದವರು ಸೋಫಾ ಹಿಡಿದುಕೊಂಡು ಕೆಳಗೇ ಕೂತರು. ಮಾವ ಹೋದ ಮೇಲೆ ಅತ್ತೆ ಅಷ್ಟು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ ಎಂದು ಅಮ್ಮ ಆಮೇಲೆ ನನಗೆ ಹೇಳಿದರು.

ಇಷ್ಟಾದರೂ ಅಸಲು ಪ್ರಶ್ನೆ ಹಾಗೇ ಉಳಿದಿತ್ತು. ಸಿಕ್ಕ ಚಿತ್ರಗಳೆಲ್ಲ ಪಾದ್ರಿಯ ನಡುವಯಸ್ಸಿನವು, ಇಲ್ಲವೇ ಅವುಗಳ ನಕಲು. ಮುದುಕನಾದ ಪಾದ್ರಿ ಎಲ್ಲೂ ಇಲ್ಲ! ಮುದುಕನೇ ಆಗಲಿಲ್ಲವೋ ಏನೋ ಎಂದು ಅತ್ತೆ ಕಂಗಾಲಾದರು. ಅಚ್ಚಾದ ಸಂಪುಟಗಳೂ ನಡುವಯಸ್ಸಿಗೇ ನಿಂತುಬಿಟ್ಟಿದ್ದವು. ಆಗ ಬಂತು ಡೆಟ್ರಾಯಿಟ್ ಬಳಿಯ ಲಿವೋನಿಯಾದಿಂದ ಒಂದು ಇಮೇಲ್. ಅತ್ತೆ ಫೋನು ಮಾಡಿದ್ದ ಲೈಬ್ರರಿಯೊಂದರಿಂದ ವಿಷಯ ತಿಳಿದು, ಸಂಗೀತದ ಟೀಚರಾಗಿ ರಿಟೈರಾದ ಮುದುಕಿಯೊಬ್ಬರು ಬರೆದಿದ್ದರು. ಅವರು ಪಾದ್ರಿಯ ತಂಗಿಯ ವಂಶದವರಂತೆ. ಪಾದ್ರಿಯ ಮುಪ್ಪಿನ ಕಾಲದ ಒಂದು ಕೆತ್ತನೆ ಚಿತ್ರ ಅವರ ಪಿಯಾನೋದ ಮೇಲೆ ನೇತಾಡುತ್ತಿದೆಯಂತೆ. ಅಣ್ಣ ತಂಗಿಗೆ ಬರೆದ ಕೆಲವು ಕಾಗದಗಳೂ ಇವೆಯಂತೆ. ಶನಿವಾರ ಹನ್ನೊಂದಕ್ಕೆ ಬನ್ನಿ ಎಂದಿದ್ದರು.

“ಮುಪ್ಪಿನ ಕಾಲದ್ದು! ಕೇಳಿಸ್ತೇನೇ? ಮುಪ್ಪು!” ಅತ್ತೆ ಫೋನಿನಲ್ಲಿ ಕುಣಿಯುತ್ತಿದ್ದದ್ದು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

ಶನಿವಾರ ನಸುಕಿನಲ್ಲಿ ಹೊರಟೆವು. ಪುಳಿಯೋಗರೆ ಡಬ್ಬಿ, ಫ್ಲಾಸ್ಕಿನಲ್ಲಿ ಕಾಫಿ, ಅತ್ತೆಯ ತೊಡೆಯ ಮೇಲೆ ಭೂತಗನ್ನಡಿ ಮತ್ತು ಅಳತೆಪಟ್ಟಿ. ಇಂಡಿಯಾನಾ ದಾಟಿ ಮಿಶಿಗನ್ ಸೇರುವವರೆಗೆ ಎಲ್ಲ ಸುಸೂತ್ರ. ಅಷ್ಟರಲ್ಲಿ ನನ್ನ ಫೋನಿನ ಗಡಿಯಾರ ಇದ್ದಕ್ಕಿದ್ದಂತೆ ಒಂದು ಗಂಟೆ ಮುಂದೆ ಹಾರಿತು. ಡೆಟ್ರಾಯಿಟಿನ ಸಮಯ ನಮಗಿಂತ ಒಂದು ಗಂಟೆ ಮುಂದು! ಇಷ್ಟು ವರ್ಷ ಇಲ್ಲಿದ್ದೂ ಇಬ್ಬರಿಗೂ ನೆನಪಿರಲಿಲ್ಲ.

“ಒತ್ತೇ, ಒತ್ತು! ಪೇಷಂಟ್ ಕಾಯ್ತಿದಾರೆ!”

ಒತ್ತಿದೆ. ಹಿಂದೆ ಕೆಂಪು ನೀಲಿ ದೀಪ ಮಿನುಗಿತು. ಪೊಲೀಸಪ್ಪ ಬಂದು ಕಿಟಕಿಗೆ ಬಗ್ಗಿದ. ನಾನು ಲೈಸೆನ್ಸ್ ಹುಡುಕುತ್ತಿದ್ದರೆ, ಪಕ್ಕದಿಂದ ಅತ್ತೆಯ ಗಂಭೀರ ಧ್ವನಿ. “ಆಫೀಸರ್, ಟರ್ನ್ ಯುವರ್ ಹೆಡ್ ಪ್ಲೀಸ್.”

ಅವನು ತಿರುಗಿಸಿದ! ಪೊಲೀಸರಿಗೆ ಅಪ್ಪಣೆ ಕೊಟ್ಟವರನ್ನು ನಾನು ಕಂಡದ್ದು ಅದೇ ಮೊದಲು. ಕಿವಿಯ ಹಿಂದೆ ಒಂದು ಮಚ್ಚೆಯಿತ್ತು. ಅತ್ತೆ ನನ್ನ ಮೇಲೆ ಬಾಗಿ, ಭೂತಗನ್ನಡಿಯಿಟ್ಟು ನೋಡಿ, ಇದು ಯಾವಾಗಿನಿಂದ ಇದೆ, ಬೆಳೆದಿದೆಯೇ, ತುರಿಕೆ ಉಂಟೇ, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದೆಲ್ಲ ವಿಚಾರಿಸಿದರು. ಆರಡಿಯ ಆಳು, “ಯೆಸ್ ಮ್ಯಾಮ್, ನೋ ಮ್ಯಾಮ್” ಎನ್ನುತ್ತಾ ಹಿಮದಲ್ಲಿ ನಿಂತಿದ್ದ. ಕೊನೆಗೆ ಅವನು ನನಗೊಂದು ಚೀಟಿ ಬರೆದುಕೊಟ್ಟ, ಎಚ್ಚರಿಕೆಯದು. ಅತ್ತೆ ಅವನಿಗೊಂದು ಚೀಟಿ ಬರೆದುಕೊಟ್ಟರು, ಅದೂ ಎಚ್ಚರಿಕೆಯದೇ!

ಲಿವೋನಿಯಾದ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದರು. ಕೋಟು ತೆಗೆಯಲೂ ಪುರುಸೊತ್ತಿಲ್ಲದೆ ಅತ್ತೆ ಪಿಯಾನೋದ ಬಳಿ ಓಡಿದರು. ಇದ್ದ ನೋಡಿ ಪಾದ್ರಿ! ತಲೆಯಲ್ಲಿ ನಾಲ್ಕೇ ಕೂದಲು, ಹಲ್ಲಿಲ್ಲದೆ ಒಳಗೆ ಹೋದ ಬಾಯಿ, ಅದೇ ಗೌನು, ಅದೇ ಬಿಳಿ ಪಟ್ಟಿ. ಎಡಗೆನ್ನೆಯೋ ಬಲಗೆನ್ನೆಯೋ ಅಂತೂ ಕೆನ್ನೆಯ ಮೇಲೆ ಮಚ್ಚೆ. ಅತ್ತೆ ಕುರ್ಚಿ ಹತ್ತಿ ನಿಂತು ಅಳೆದರು. ಚಿತ್ರಗಳ ಗಾತ್ರ ಬೇರೆ ಬೇರೆಯಾದ್ದರಿಂದ ಮಚ್ಚೆಯನ್ನು ಕಣ್ಣಿನ ಅಗಲದ ಜತೆ ಹೋಲಿಸಬೇಕು. ಅಳೆದರು, ಹಳೆಯ ಲೆಕ್ಕ ನೋಡಿದರು, ಮತ್ತೆ ಅಳೆದರು. ನಾನೂ ಅಜ್ಜಿಯೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತಿದ್ದೆವು. ಯಾವಾಗ ಹಿಡಿದುಕೊಂಡೆವೋ ದೇವರಿಗೇ ಗೊತ್ತು.

“ಬಿನೈನ್!” ಅತ್ತೆ ಕುರ್ಚಿಯ ಮೇಲಿಂದಲೇ ಕೂಗಿದರು. “ಕಂಪ್ಲೀಟ್ಲಿ ಬಿನೈನ್! ಏನೂ ಇಲ್ಲ ಕಣೇ, ಒಂದು ಚೂರೂ ಬೆಳೆದಿಲ್ಲ!”

“ಓ, ಥ್ಯಾಂಕ್ ಗಾಡ್!” ಎಂದರು ಅಜ್ಜಿ, ತಮ್ಮ ಸ್ವಂತ ಚಿಕ್ಕಪ್ಪ ಈಗ ತಾನೇ ಆಪರೇಷನ್ ಥಿಯೇಟರಿನಿಂದ ಹೊರಬಂದರೇನೋ ಎಂಬ ಹಾಗೆ! ಇಬ್ಬರೂ ತಬ್ಬಿಕೊಂಡರು. ಪಾದ್ರಿ ತುಂಬು ವಯಸ್ಸು ಬದುಕಿ, ಮನೆಯ ಕುರ್ಚಿಯಲ್ಲಿ ಕೂತು, ತನ್ನ ಅಳಿಯ ಬರೆದ ಉಪದೇಶ ಕೇಳುತ್ತಾ ಕೇಳುತ್ತಾ ಪ್ರಾಣ ಬಿಟ್ಟನೆಂದು ಅವರ ಮನೆಯಲ್ಲಿ ಹೇಳುತ್ತಾರಂತೆ. “ಹಾಗಾದ್ರೆ ಕಾರಣ ಗೊತ್ತಾಯ್ತು” ಎಂದೆ ನಾನು. ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಿದಾಗ ಅವರು ನಕ್ಕ ರಭಸಕ್ಕೆ ಬಿಸ್ಕತ್ತಿನ ತಟ್ಟೆ ಉರುಳಿತು.

ಆಮೇಲೆ ಅಜ್ಜಿ ಒಂದು ಕಾಗದ ತೆಗೆದು ಅತ್ತೆಯ ಕೈಗಿಟ್ಟರು. ಮುದುಕ ಪಾದ್ರಿ ತಂಗಿಗೆ ಬರೆದದ್ದು. ಅತ್ತೆ ಗಟ್ಟಿಯಾಗಿ ಓದಿದರು. ಕೆತ್ತನೆಗಾರ ಬಂದಿದ್ದ, ಮಚ್ಚೆ ಬಿಟ್ಟುಬಿಡಲೇ ಎಂದು ಕೇಳಿದ. ನನ್ನ ಹೆಂಡತಿ ಸುತಾರಾಂ ಒಪ್ಪಲಿಲ್ಲ. ಭಾನುವಾರ ಭಾನುವಾರ ನನ್ನ ಕೊರಳಿಗೆ ಪಟ್ಟಿ ಕಟ್ಟುವಾಗ ಅವಳು ಆ ಮಚ್ಚೆಯನ್ನು ನೋಡುತ್ತಾಳೆ, ನಿನ್ನೆಯ ಹಾಗೇ ಇದೆ ಎನ್ನುತ್ತಾಳೆ, ನನ್ನ ಉಪದೇಶಗಳಿಗಿಂತ ಅವಳಿಗೆ ಅದೇ ಚೆನ್ನಾಗಿ ಬಾಯಿಪಾಠ. ಹೀಗಿತ್ತು ಅದು. ನಾನು ನಕ್ಕೆ, ಅಜ್ಜಿ ನಕ್ಕರು. ಅತ್ತೆ ಆ ಸಾಲುಗಳನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಕಾಗದ ಮಡಿಸಿ ವಾಪಸು ಕೊಟ್ಟರು.

ವಾಪಸು ಬರುವಾಗ ಅತ್ತೆ ಕಿಟಕಿಯಾಚೆಗೇ ನೋಡುತ್ತಾ ಕೂತಿದ್ದರು. ಹೈವೇ ಬದಿಯ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಪುಳಿಯೋಗರೆ ಡಬ್ಬಿ ತೆರೆದೆ. ಹೊರಗೆ ಹಿಮದ ಮೇಲೆ ಬಿಸಿಲು ಬಿದ್ದಿತ್ತು.

“ಏನತ್ತೆ, ಪೇಷಂಟ್ ಡಿಸ್ಚಾರ್ಜ್ ಆದ್ರು ಅಂತ ಬೇಜಾರಾ?” ಎಂದು ಕೆಣಕಿದೆ.

“ನಿಮ್ಮ ಮಾವನ ಅಂಗಾಲಲ್ಲಿ ಒಂದು ಮಚ್ಚೆ ಇತ್ತು” ಎಂದರು ಅತ್ತೆ.

ನನಗೆ ಗೊತ್ತಿರಲಿಲ್ಲ. ಮಾವ ಕ್ಯಾನ್ಸರಿನಿಂದ ಹೋದರು, ಲಂಗ್ಸಿಗೆ ಹಬ್ಬಿತ್ತು ಎಂದಷ್ಟೇ ನಾವು ಕೇಳಿದ್ದೆವು. ಎಲ್ಲಿಂದ ಹಬ್ಬಿತು ಎಂದು ನಾವ್ಯಾರೂ ಕೇಳಿರಲಿಲ್ಲ.

“ಮದುವೆ ಆದ ಹೊಸದ್ರಲ್ಲಿ ನಮ್ಮತ್ತೆ ತೋರ್ಸಿದ್ರು. ಅಂಗಾಲಲ್ಲಿ ಮಚ್ಚೆ ಇರೋನು ಸಮುದ್ರ ದಾಟ್ತಾನೆ ನೋಡ್ತಿರು ಅಂದ್ರು. ವೀಸಾ ಬಂದ ದಿನ ಮನೆಯೋರೆಲ್ಲ ಆ ಮಚ್ಚೆಗೆ ಕೈ ಮುಗಿದ್ವಿ ಕಣೇ. ತಮಾಷೆಗೆ. ನಾನೂ ಮುಗ್ದೆ. ನಮ್ಮನೇಲಿ ಅದಕ್ಕೆ ಅದೃಷ್ಟದ ಮಚ್ಚೆ ಅಂತಾನೇ ಹೆಸರು.” ಅತ್ತೆ ಡಬ್ಬಿಯ ಮುಚ್ಚಳವನ್ನು ತೆರೆಯುತ್ತಿದ್ದರು, ಹಾಕುತ್ತಿದ್ದರು. “ದಿನಾ ಸಾಯಂಕಾಲ ಕಾಲು ಚಾಚ್ಕೊಂಡು ಟೀವಿ ನೋಡೋರು. ನನ್ನ ಕಣ್ಣೆದುರಿಗೇ ಇರ್ತಿತ್ತು. ಯುರೋಪ್ ಟೂರಿಗೆ ಬುಕ್ ಮಾಡ್ದಾಗ, ನೋಡು ಮಚ್ಚೆ ದೊಡ್ಡದಾಗಿದೆ, ಇನ್ನೂ ದೂರ ಕರ್ಕೊಂಡ್ ಹೋಗುತ್ತೆ ಅಂತ ಅವ್ರೇ ನಕ್ರು. ನಾನೂ ನಕ್ಕೆ.”

ನಾನು ಚಮಚ ಕೆಳಗಿಟ್ಟೆ.

“ಊರೋರ ಮಚ್ಚೆಯೆಲ್ಲ ನೋಡ್ದೆ. ಗಾಜಿನ ಮೇಲೆ ಬಂದಿದ್ದು ಮಾತ್ರ ನಂಗೆ ಕಾಣ್ತಿತ್ತು. ಆ ಪಾದ್ರಿ ಹೆಂಡ್ತಿ ಏನು ಓದಿದ್ಳೋ, ಬಿಟ್ಟಿದ್ಳೋ. ವಾರ ವಾರ ನೋಡ್ತಿದ್ಳಲ್ಲೇ! ಅವಳ ಗಂಡನದ್ದಾದ್ರೂ ಏನಿಲ್ಲ ಅಂತ ಬರ್ಲಿ ಅಂತ ನಂಗೆ ಎಷ್ಟು ಆಸೆಯಿತ್ತು ಗೊತ್ತಾ ಪುಟ್ಟೀ?”

ಕನ್ನಡಕ ತೆಗೆದು ಸೆರಗಿನಂಚಿನಿಂದ ಒರೆಸಿದರು. ಒರೆಸಿದಷ್ಟೂ ಅದು ಮಂಜಾಗುತ್ತಿತ್ತು. ಇಷ್ಟು ದಿನ ಇವರನ್ನು ಆಡಿಕೊಂಡು ಎಷ್ಟು ನಕ್ಕಿದ್ದೆ! ಹಿರಿಯರಿಗೆ ಅಪ್ಪಿತಪ್ಪಿ ಕಾಲು ತಾಕಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಆದರೂ ಏನನ್ನಿಸಿತೋ, ಸೀಟು ಹಿಂದಕ್ಕೆ ಸರಿಸಿ, ಶೂ ಬಿಚ್ಚಿ, ಕಾಲುಚೀಲ ಕಿತ್ತು, ತಿರುಗಿ ಕೂತು, ನನ್ನ ಕಾಲನ್ನು ಎತ್ತಿ ಅತ್ತೆಯ ಮಡಿಲಲ್ಲಿಟ್ಟೆ.

ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಭೂತಗನ್ನಡಿ ತೆಗೆದು, ನನ್ನ ಅಂಗಾಲನ್ನು ಬೆಳಕಿಗೆ ತಿರುಗಿಸಿ ಹಿಡಿದರು. ಹಿಮ್ಮಡಿ ನೋಡಿದರು, ಬೆರಳುಗಳ ಸಂದಿ ಬಿಡಿಸಿ ಒಂದೊಂದಾಗಿ ನೋಡಿದರು. ಅವರ ಕೈ ಬೆಚ್ಚಗಿತ್ತು.

“ಏನಿಲ್ಲ” ಎಂದರು. ಮೂಗು ಒರೆಸಿಕೊಂಡರು.

“ಎಲ್ಲಿ, ಇನ್ನೊಂದು ಕಾಲು ಕೊಡು.”